ಗಿಫ್ಟೆಡ್ ಹ್ಯಾಂಡ್ಸ್: ಅಕ್ಷರ ಬಾರದ ತಾಯಿ ಮಗನನ್ನು ಓದಿಸಿದ ಕಥೆ



ಮಕ್ಕಳಿಗೂ ಹೆತ್ತವರಿಗೂ ಒಟ್ಟಿಗೆ ಕೂರಿಸಿ ತೋರಿಸಬಹುದಾದ ಜೀವನಚರಿತ್ರೆಯ ಚಿತ್ರ ಯಾವುದಾದರೂ ಇದ್ದರೆ ತಿಳಿಸಿ ಎಂದು ಗಡಿಭಾಗದ ಊರುಗಳ ಸದಸ್ಯರು ಆಗಾಗ ಕೇಳುತ್ತಿರುತ್ತಾರೆ. ಅಂಥವರ ಉಪಯೋಗಕ್ಕಾಗಿ ಅಮೆರಿಕದ ಮೆದುಳಿನ ಶಸ್ತ್ರವೈದ್ಯ ಬೆನ್ ಕಾರ್ಸನ್ ಅವರ ಬಾಲ್ಯ ಮತ್ತು ಬೆಳವಣಿಗೆಯನ್ನು ಹೇಳುವ 'ಗಿಫ್ಟೆಡ್ ಹ್ಯಾಂಡ್ಸ್' ಚಿತ್ರದ ಪರಿಚಯವನ್ನು ಇಲ್ಲಿ ಕೊಡುತ್ತಿದ್ದೇವೆ. ಚಿತ್ರದಲ್ಲಿ ಏನಿದೆ, ನಿಜ ಜೀವನದಲ್ಲಿ ಏನು ನಡೆಯಿತು, ಚಿತ್ರ ಹೇಳದೆ ಬಿಟ್ಟದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆದಿದ್ದೇವೆ.

ಈ ಚಿತ್ರವನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಸಭೆಗಳಲ್ಲಿ ತಾಯಂದಿರು ಪದೇ ಪದೇ ಹೇಳುವ ಮಾತೊಂದಿದೆ: "ನಮಗೇ ನಾಲ್ಕಕ್ಷರ ಬರೋದಿಲ್ಲ, ಮಕ್ಕಳಿಗೆ ನಾವೇನು ಹೇಳಿಕೊಡೋಣ?" ಕನ್ನಡ ಓದಬಲ್ಲವರಿಗೂ ಗಡಿಯಲ್ಲಿ ಇದೇ ಕಷ್ಟ. ಮಗುವಿನ ಶಾಲೆಯ ಭಾಷೆ ಒಂದು ಕಡೆ ಮಲಯಾಳ, ಇನ್ನೊಂದು ಕಡೆ ತಮಿಳು, ಮತ್ತೊಂದು ಕಡೆ ಮರಾಠಿ, ತೆಲುಗು, ಈಗ ಎಲ್ಲ ಕಡೆ ಇಂಗ್ಲಿಷ್. ಪುಸ್ತಕ ತೆರೆದರೆ ಹೆತ್ತವರಿಗೆ ಅರ್ಥವಾಗದು. ಈ ಮಾತಿಗೆ ಉತ್ತರ ಕೊಟ್ಟ ತಾಯಿಯೊಬ್ಬಳ ಕಥೆ ಈ ಚಿತ್ರದಲ್ಲಿದೆ. ಹೆಸರಿಗೆ ಇದು ವೈದ್ಯನ ಚಿತ್ರ. ನಮ್ಮ ದೃಷ್ಟಿಯಲ್ಲಿ ಇದರ ಜೀವಾಳ ಆ ತಾಯಿಯೇ.

ಚಿತ್ರದ ವಿವರ

ಪೂರ್ಣ ಹೆಸರು: ಗಿಫ್ಟೆಡ್ ಹ್ಯಾಂಡ್ಸ್ – ದ ಬೆನ್ ಕಾರ್ಸನ್ ಸ್ಟೋರಿ
ಭಾಷೆ: ಇಂಗ್ಲಿಷ್
ಮೊದಲ ಪ್ರಸಾರ: 2009ರ ಫೆಬ್ರುವರಿ 7, ಅಮೆರಿಕದ ಟಿಎನ್‌ಟಿ ವಾಹಿನಿ
ನಿರ್ದೇಶನ: ಥಾಮಸ್ ಕಾರ್ಟರ್
ಬೆನ್ ಕಾರ್ಸನ್ ಪಾತ್ರ: ಕ್ಯೂಬಾ ಗುಡಿಂಗ್ ಜೂನಿಯರ್
ತಾಯಿ ಸೋನ್ಯಾ ಪಾತ್ರ: ಕಿಂಬರ್ಲಿ ಎಲೀಸ್
ಪತ್ನಿ ಕ್ಯಾಂಡಿ ಪಾತ್ರ: ಆಂಜನ್ಯೂ ಎಲ್ಲಿಸ್
ಆಧಾರ: ಇದೇ ಹೆಸರಿನ ಕಾರ್ಸನ್ ಅವರ ಆತ್ಮಕಥೆ, 1990

ಇದು ಚಿತ್ರಮಂದಿರಕ್ಕಾಗಿ ಅಲ್ಲ, ಟಿವಿಗಾಗಿ ತಯಾರಾದ ಚಿತ್ರ. ಅವಧಿ ಸುಮಾರು ಒಂದೂವರೆ ಗಂಟೆ. ಹಾಡು, ಹೊಡೆದಾಟಗಳಿಲ್ಲದ ಸರಳ ನಿರೂಪಣೆ.

ಬಾಲ್ಯ

ಬೆಂಜಮಿನ್ ಸಾಲೊಮನ್ ಕಾರ್ಸನ್ ಹುಟ್ಟಿದ್ದು 1951ರ ಸೆಪ್ಟೆಂಬರ್ 18ರಂದು, ಮೋಟಾರು ಕಾರಖಾನೆಗಳಿಗೆ ಹೆಸರಾದ ಡೆಟ್ರಾಯಿಟ್ ನಗರದಲ್ಲಿ. ಕಪ್ಪುವರ್ಣೀಯ ಬಡ ಕುಟುಂಬ. ತಾಯಿ ಸೋನ್ಯಾ ಇಪ್ಪತ್ತನಾಲ್ಕು ಮಕ್ಕಳಿದ್ದ ಮನೆಯಲ್ಲಿ ಹುಟ್ಟಿದವರು. ಶಾಲೆ ಕಂಡದ್ದು ಮೂರನೆಯ ತರಗತಿಯವರೆಗೆ ಮಾತ್ರ. ಹದಿಮೂರನೆಯ ವಯಸ್ಸಿಗೆ ಮದುವೆಯಾಯಿತು. ಗಂಡನಿಗೆ ಬೇರೊಂದು ಸಂಸಾರವೂ ಇದೆಯೆಂಬುದು ಎಷ್ಟೋ ವರ್ಷಗಳ ನಂತರ ತಿಳಿಯಿತು. ಬೆನ್‌ಗೆ ಎಂಟು ವರ್ಷವಾಗಿದ್ದಾಗ ಸೋನ್ಯಾ ಗಂಡನಿಂದ ದೂರವಾಗಿ, ಕರ್ಟಿಸ್ ಮತ್ತು ಬೆನ್ ಎಂಬ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಒಂಟಿಯಾಗಿ ಸಂಸಾರ ಸಾಗಿಸಬೇಕಾಯಿತು. ಎರಡು ವರ್ಷ ಬಾಸ್ಟನ್‌ನಲ್ಲಿ ಅಕ್ಕನ ಮನೆಯ ಆಶ್ರಯ. 1961ರಲ್ಲಿ ಮತ್ತೆ ಡೆಟ್ರಾಯಿಟ್‌ಗೆ. ಉಳ್ಳವರ ಮನೆಗಳಲ್ಲಿ ಮನೆಗೆಲಸ ಮಾಡಿ ಅವರು ಮಕ್ಕಳನ್ನು ಸಾಕಿದರು. ಒಮ್ಮೊಮ್ಮೆ ದಿನಕ್ಕೆ ಎರಡು, ಮೂರು ಕಡೆ ಕೆಲಸ.

ಐದನೆಯ ತರಗತಿಯಲ್ಲಿ ಬೆನ್ ಇಡೀ ತರಗತಿಗೇ ಕಡೆಯವನು. ಸಹಪಾಠಿಗಳಲ್ಲಿ ಹೆಚ್ಚಿನವರು ಬಿಳಿಯ ಮಕ್ಕಳು. ಅವರ ಬಾಯಿಗೆ ಇವನು 'ದಡ್ಡ'. ಒಂದು ಲೆಕ್ಕದ ಪರೀಕ್ಷೆಯಲ್ಲಿ ಮೂವತ್ತಕ್ಕೆ ಒಂದೂ ಸರಿಯಿರಲಿಲ್ಲ. ಎಷ್ಟು ಸರಿಯಾಗಿದೆ ಎಂದು ಟೀಚರ್ ಕೇಳಿದಾಗ ಹುಡುಗ 'ನನ್' ಎಂದು ಗೊಣಗಿದ, ಅಂದರೆ ಒಂದೂ ಇಲ್ಲ. ಟೀಚರಿಗೆ ಅದು 'ನೈನ್' ಎಂದು ಕೇಳಿಸಿ, ಒಂಬತ್ತು ಬಂತಲ್ಲ ಎಂದು ಹೊಗಳಿಬಿಟ್ಟರು. ಕೊನೆಗೆ ಪಕ್ಕದ ಹುಡುಗಿ ನಿಜ ಹೇಳಿ, ತರಗತಿಯೆಲ್ಲ ನಕ್ಕಿತು. ಮಕ್ಕಳು ನಗುವ ಪ್ರಸಂಗವಿದು. ದೊಡ್ಡವರಿಗೆ ಅಷ್ಟು ಸುಲಭವಾಗಿ ನಗು ಬಾರದು.

ಆ ಹೊತ್ತಿಗೆ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಹುಡುಗನಿಗೆ ಕರಿಹಲಗೆಯೇ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಕನ್ನಡಕ ಬಂದ ಮೇಲೆ ಅಂಕಗಳು ತುಸು ಮೇಲೆ ಹತ್ತಿದವು. ದಡ್ಡತನವೆಂದು ಎಲ್ಲರೂ ತಿಳಿದದ್ದರಲ್ಲಿ ಒಂದು ಪಾಲು ಕಣ್ಣಿನ ದೋಷ. ಶಾಲೆಗಳಲ್ಲಿ ನೇತ್ರ ತಪಾಸಣಾ ಶಿಬಿರ ನಡೆಸುವ ನಮ್ಮ ಸದಸ್ಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

ತಾಯಿಯ ಕ್ರಮ

ಕನ್ನಡಕದ ನಂತರ ತಾಯಿ ಹಿಡಿದ ಕ್ರಮವೇ ಈ ಚಿತ್ರದ ತಿರುಳು. ಸೋನ್ಯಾ ಕೆಲಸ ಮಾಡುತ್ತಿದ್ದ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕಗಳು. ಇಷ್ಟನ್ನೂ ಓದಿದ್ದೀರಾ ಎಂದು ಆಕೆ ಕೇಳುವ ದೃಶ್ಯ ಚಿತ್ರದಲ್ಲಿದೆ. ಆಮೇಲೆ ತಮ್ಮ ಮನೆಗೆ ಬಂದರೆ ಇಬ್ಬರು ಹುಡುಗರೂ ಟಿವಿಯ ಮುಂದೆ. ದೇವರಲ್ಲಿ ಪ್ರಾರ್ಥಿಸಿ, ಯೋಚಿಸಿ, ತಾಯಿ ಮೂರು ಕಟ್ಟಳೆ ಹಾಕುತ್ತಾರೆ.

ಒಂದು, ಮಗ್ಗಿ ಬಾಯಿಪಾಠವಾಗುವ ತನಕ ಆಟವಿಲ್ಲ.
ಎರಡು, ಟಿವಿ ವಾರಕ್ಕೆ ಎರಡು-ಮೂರು ಕಾರ್ಯಕ್ರಮ ಮಾತ್ರ, ಅದೂ ಮೊದಲೇ ಆರಿಸಿಕೊಂಡು.
ಮೂರು, ವಾರಕ್ಕೆ ಎರಡು ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದಿಂದ ತಂದು ಓದಬೇಕು. ಓದಿದ್ದರ ಬಗ್ಗೆ ಬರೆದು ತಾಯಿಗೆ ಒಪ್ಪಿಸಬೇಕು.

ಹುಡುಗರು ಗೊಣಗಿದರು, ಆದರೆ ಬರೆದು ಕೊಟ್ಟರು. ತಾಯಿ ಹಾಳೆಯನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಅಲ್ಲಲ್ಲಿ ಟಿಕ್ ಹಾಕಿ ಹಿಂದಿರುಗಿಸುತ್ತಿದ್ದರು. ಆಕೆಗೆ ಓದಲು ಬಾರದು ಎಂಬುದು ಮಕ್ಕಳಿಗೆ ತಿಳಿದದ್ದು ಬಹಳ ಕಾಲದ ಮೇಲೆ. ಕಚೇರಿಗಳಲ್ಲಿ ಜೀವಮಾನ ಕಳೆದ ನಮ್ಮಂಥವರು ಓದದೆ ಟಿಕ್ ಹಾಕಿದ ಕಡತಗಳನ್ನು ಬೇಕಾದಷ್ಟು ಕಂಡಿದ್ದೇವೆ; ಅವುಗಳಿಂದ ಯಾರಿಗೂ ಒಳಿತಾದದ್ದು ಕಾಣೆವು. ಈ ಒಂದು ಟಿಕ್ ಮಾತ್ರ ಬೇರೆ. ನೀನು ಬರೆದದ್ದಕ್ಕಾಗಿ ನಾನು ಕಾದಿದ್ದೇನೆ, ಮುಂದಿನ ವಾರವೂ ಕಾಯುತ್ತೇನೆ ಎಂಬುದಷ್ಟೇ ಅದರ ಅರ್ಥ. ಮಕ್ಕಳಿಗೆ ಬೇಕಾಗಿದ್ದದ್ದೂ ಅದೇ.

ಆತ್ಮಕಥೆಯ ಪ್ರಕಾರ ಬೆನ್ ಮೊದಲು ಪೂರ್ತಿಯಾಗಿ ಓದಿದ ಪುಸ್ತಕ, ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟುವ ಬೀವರ್ ಎಂಬ ಪ್ರಾಣಿಯ ಕಥೆ. ಪ್ರಾಣಿಗಳು ಮುಗಿದ ಮೇಲೆ ಗಿಡಮರ, ಗಿಡಮರ ಮುಗಿದ ಮೇಲೆ ಕಲ್ಲುಗಳು. ಮನೆಯ ಹತ್ತಿರ ರೈಲು ಹಳಿ ಇತ್ತು, ಹಳಿಯ ಬದಿಗೆ ಬೇಕಾದಷ್ಟು ಕಲ್ಲು. ಹುಡುಗ ಅವನ್ನು ಆರಿಸಿ ತಂದು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ ನೋಡುತ್ತಿದ್ದ.

ಹೀಗಿರುವಾಗ ವಿಜ್ಞಾನದ ಮೇಷ್ಟ್ರು ಒಂದು ದಿನ ಕಪ್ಪಗೆ ಗಾಜಿನಂತೆ ಹೊಳೆಯುವ ಕಲ್ಲೊಂದನ್ನು ಹಿಡಿದು, ಇದೇನು ಎಂದು ಕೇಳಿದರು. ಜಾಣ ಮಕ್ಕಳೆಲ್ಲ ಸುಮ್ಮನಿದ್ದರು. ಕೈ ಎತ್ತಿದವನು ಕಡೆಯ ಹುಡುಗ. ಅದು ಅಬ್ಸಿಡಿಯನ್, ಜ್ವಾಲಾಮುಖಿಯ ಲಾವಾ ಬೇಗನೆ ತಣಿದಾಗ ಆಗುವಂಥದ್ದು ಎಂದು ವಿವರಿಸಿಯೇ ಬಿಟ್ಟ. ಸುಮಾರು ಒಂದೂವರೆ ವರ್ಷದಲ್ಲಿ ಅವನು ತರಗತಿಗೆ ಮೊದಲಿಗನಾದ. ಚಿತ್ರದ ಅತ್ಯುತ್ತಮ ದೃಶ್ಯ ಇದೇ ಎಂಬುದು ನಮ್ಮ ಅಭಿಪ್ರಾಯ. ಆಸ್ಪತ್ರೆಯ ದೃಶ್ಯಗಳೆಲ್ಲ ಇದರ ನಂತರ.

ಈ ತಾಯಿಯನ್ನು ಚಿತ್ರ ದೇವತೆಯಂತೆ ತೋರಿಸಿಲ್ಲ ಎಂಬುದನ್ನೂ ಹೇಳಬೇಕು. ಮನಸ್ಸು ಕುಗ್ಗಿದಾಗ ಆಕೆ ಮಕ್ಕಳನ್ನು ಬೇರೆಯವರ ಬಳಿ ಬಿಟ್ಟು, ತಾವಾಗಿಯೇ ಮಾನಸಿಕ ಚಿಕಿತ್ಸೆಗೆ ಸೇರಿಕೊಂಡದ್ದು ನಿಜ. ಮಕ್ಕಳಿಗೆ ಹೇಳಿ ಹೋದದ್ದು, ನೆಂಟರನ್ನು ನೋಡಿ ಬರುತ್ತೇನೆ ಎಂದು. ನಮ್ಮ ಊರುಗಳಲ್ಲಿ ಇಂದಿಗೂ ಮುಚ್ಚಿಡುವ ವಿಷಯವಿದು. 1960ರ ದಶಕದ ಬಡ ಹೆಣ್ಣುಮಗಳೊಬ್ಬಳು ಚಿಕಿತ್ಸೆ ಪಡೆದು ಮತ್ತೆ ಮನೆಗೆ ಬಂದು ಸಂಸಾರ ನಡೆಸಿದಳು. ಮುಂದೆ ಸೋನ್ಯಾ ತಾವೂ ಓದಲು ಕಲಿತರು, ಪ್ರೌಢಶಾಲೆಗೆ ಸಮನಾದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಹಿರಿಯ ಮಗ ಕರ್ಟಿಸ್ ಎಂಜಿನಿಯರ್ ಆದರು. ಸೋನ್ಯಾ ತೀರಿಕೊಂಡದ್ದು 2017ರಲ್ಲಿ.

ಸಿಟ್ಟು, ಅವಮಾನ, ಕಾಲೇಜು

ಅಂಕ ಬಂದ ಕೂಡಲೇ ಎಲ್ಲವೂ ಸರಿಹೋಗಲಿಲ್ಲ. ಎಂಟನೆಯ ತರಗತಿಯಲ್ಲಿ ಬೆನ್‌ಗೆ ಉತ್ತಮ ವಿದ್ಯಾರ್ಥಿ ಪ್ರಶಸ್ತಿ ಬಂದಾಗ, ಕಪ್ಪು ಹುಡುಗನೊಬ್ಬ ಮುಂದೆ ಹೋಗಲು ಬಿಟ್ಟಿರಲ್ಲ ಎಂದು ಶಿಕ್ಷಕಿಯೊಬ್ಬರು ವೇದಿಕೆಯ ಮೇಲಿನಿಂದಲೇ ಉಳಿದ ಮಕ್ಕಳನ್ನು ಬೈದರು. ಹುಡುಗನೊಳಗೂ ಸಿಟ್ಟು ಬೆಳೆಯಿತು. ಹದಿಹರೆಯದಲ್ಲಿ ರೇಡಿಯೊದ ವಿಷಯಕ್ಕೆ ಜಗಳವಾಗಿ ಗೆಳೆಯನ ಹೊಟ್ಟೆಗೆ ಚಾಕು ಬೀಸಿದ. ಅಲಗು ಬೆಲ್ಟಿನ ಲೋಹದ ಬಕಲಿಗೆ ತಾಗಿ ಮುರಿಯಿತು. ಮನೆಗೆ ಓಡಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಪ್ರಾರ್ಥಿಸಿ, ಬೈಬಲ್ಲಿನ ಜ್ಞಾನೋಕ್ತಿಗಳನ್ನು ಓದಿ, ಇನ್ನು ಸಿಟ್ಟಿಗೆ ವಶವಾಗೆನೆಂದು ನಿಶ್ಚಯಿಸಿದೆ ಎಂದು ಕಾರ್ಸನ್ ಬರೆದಿದ್ದಾರೆ. ಈ ಘಟನೆಯ ಬಗ್ಗೆ 2015ರಲ್ಲಿ ಅಮೆರಿಕದ ಪತ್ರಕರ್ತರು ಪ್ರಶ್ನೆ ಎತ್ತಿದಾಗಲೂ ಅವರು ತಮ್ಮ ಮಾತಿಗೆ ಅಂಟಿಕೊಂಡರು.

1969ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿ 1973ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ. ಮಿಷಿಗನ್ ವಿಶ್ವವಿದ್ಯಾಲಯದಿಂದ 1977ರಲ್ಲಿ ವೈದ್ಯ ಪದವಿ. ನಡುವೆ 1975ರಲ್ಲಿ, ಯೇಲ್‌ನಲ್ಲಿ ಪರಿಚಯವಾಗಿದ್ದ ಕ್ಯಾಂಡಿ ಅವರೊಂದಿಗೆ ಮದುವೆ. ನಂತರ ಬಾಲ್ಟಿಮೋರಿನ ಪ್ರಸಿದ್ಧ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ತರಬೇತಿ. ಬಿಳಿ ಕೋಟು ತೊಟ್ಟಿದ್ದರೂ ಅವರನ್ನು ವಾರ್ಡಿನ ಸಹಾಯಕನೆಂದೇ ತಿಳಿದು ಮಾತಾಡಿಸಿದವರಿದ್ದರು. ಒಂದು ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಮಾಡಿ ಬಂದ ಮೇಲೆ, 1984ರಲ್ಲಿ, ಮೂವತ್ತಮೂರನೆಯ ವಯಸ್ಸಿಗೇ, ಅದೇ ಆಸ್ಪತ್ರೆಯ ಮಕ್ಕಳ ಮೆದುಳು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು.

ಎರಡು ಶಸ್ತ್ರಚಿಕಿತ್ಸೆಗಳು

ಮೊದಲನೆಯದು 1985ರದ್ದು. ನಾಲ್ಕು ವರ್ಷದ ಹೆಣ್ಣುಮಗುವಿಗೆ ದಿನಕ್ಕೆ ನೂರರಷ್ಟು ಸಲ ಫಿಟ್ಸ್ ಬರುತ್ತಿತ್ತು, ಔಷಧಕ್ಕೆ ಜಗ್ಗುತ್ತಿರಲಿಲ್ಲ. ಕಾಯಿಲೆ ಇದ್ದದ್ದು ಮೆದುಳಿನ ಒಂದೇ ಪಾರ್ಶ್ವದಲ್ಲಿ. ಕಾರ್ಸನ್ ಆ ಅರ್ಧ ಮೆದುಳನ್ನು ತೆಗೆದುಹಾಕಿದರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಎಳೆಯ ಮಕ್ಕಳಲ್ಲಿ ಉಳಿದ ಅರ್ಧವು ಹೋದ ಅರ್ಧದ ಕೆಲಸದ ಬಹುಪಾಲನ್ನು ಕಲಿತುಕೊಳ್ಳಬಲ್ಲದು. ಇದು ಕಾರ್ಸನ್ ಕಂಡುಹಿಡಿದ ವಿಧಾನವಲ್ಲ. ಇದೇ ಆಸ್ಪತ್ರೆಯ ವಾಲ್ಟರ್ ಡ್ಯಾಂಡಿ 1928ರಲ್ಲೇ ಇದರ ವರದಿ ಕೊಟ್ಟಿದ್ದರು. ಅಪಾಯ ಹೆಚ್ಚೆಂದು ವೈದ್ಯರು ಕೈಬಿಟ್ಟಿದ್ದ ಈ ವಿಧಾನಕ್ಕೆ ಕಾರ್ಸನ್ ಮತ್ತು ಸಂಗಡಿಗರು ಮತ್ತೆ ಜೀವ ಕೊಟ್ಟರು. ಆ ಮಗು ಗುಣವಾಯಿತು.

ಎರಡನೆಯದು 1987ರದ್ದು, ಚಿತ್ರ ಆರಂಭವಾಗುವುದೂ ಮುಗಿಯುವುದೂ ಇದರಿಂದಲೇ. ಜರ್ಮನಿಯ ಏಳು ತಿಂಗಳ ಅವಳಿ ಗಂಡುಮಕ್ಕಳು, ತಲೆಯ ಹಿಂಭಾಗದಲ್ಲಿ ಒಂದಕ್ಕೊಂದು ಕೂಡಿಕೊಂಡವರು. ಇಬ್ಬರ ಮೆದುಳಿನಿಂದಲೂ ರಕ್ತವನ್ನು ಹೊರಗೊಯ್ಯುವ ದೊಡ್ಡ ರಕ್ತನಾಳ ಒಂದೇ. ಅದನ್ನು ಕತ್ತರಿಸಿದರೆ ರಕ್ತ ಹರಿದೇ ಮಕ್ಕಳು ಸಾಯುತ್ತಾರೆ. ಇದಕ್ಕೆ ಉಪಾಯ, ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಕ್ರಮವನ್ನು ಇಲ್ಲಿಗೆ ತಂದದ್ದು: ಮಕ್ಕಳ ಮೈಯನ್ನು ತಂಪಾಗಿಸಿ, ಹೃದಯಬಡಿತವನ್ನೇ ನಿಲ್ಲಿಸಿ, ರಕ್ತ ಹರಿಯದ ಆ ಒಂದು ಗಂಟೆಯೊಳಗೆ ಇಬ್ಬರಿಗೂ ಬೇರೆ ಬೇರೆ ರಕ್ತನಾಳ ಕಟ್ಟಿಕೊಡುವುದು. ನಲ್ಲಿಯ ನೀರನ್ನು ನೋಡುತ್ತಿರುವಾಗ ಕಾರ್ಸನ್‌ಗೆ ಇದು ಹೊಳೆಯಿತೆಂದು ಚಿತ್ರ ತೋರಿಸುತ್ತದೆ. ವಾಸ್ತವದಲ್ಲಿ ಹೃದಯತಜ್ಞರು, ಅರಿವಳಿಕೆ ವೈದ್ಯರು, ಪ್ಲಾಸ್ಟಿಕ್ ಸರ್ಜನರು, ನರ್ಸುಗಳು ಸೇರಿ ಎಪ್ಪತ್ತು ಜನರ ತಂಡ ತಿಂಗಳುಗಟ್ಟಲೆ ತಯಾರಿ ನಡೆಸಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಡೆದ ಶಸ್ತ್ರಚಿಕಿತ್ಸೆ ಇಪ್ಪತ್ತೆರಡು ಗಂಟೆ ಹಿಡಿಯಿತು. ತಲೆಯ ಹಿಂಭಾಗದಲ್ಲಿ ಕೂಡಿಕೊಂಡ ಅವಳಿಗಳನ್ನು ಬೇರ್ಪಡಿಸಿ ಇಬ್ಬರನ್ನೂ ಉಳಿಸಿಕೊಂಡದ್ದು ಅಂದಿಗೆ ದೊಡ್ಡ ಸುದ್ದಿ.

ಚಿತ್ರ ಹೇಳದೆ ಬಿಟ್ಟದ್ದು

ಮಕ್ಕಳು ಬದುಕಿದರು ಎಂಬ ಸಂತೋಷದಲ್ಲಿ ಚಿತ್ರ ಮುಗಿಯುತ್ತದೆ. ಅದರ ಮುಂದಿನದನ್ನು ನೋಡುಗರಿಗೆ ತಿಳಿಸುವುದು ಚಿತ್ರ ತೋರಿಸುವವರ ಕರ್ತವ್ಯ. ಆ ಇಬ್ಬರು ಮಕ್ಕಳಿಗೂ ಮೆದುಳಿಗೆ ತೀವ್ರ ಹಾನಿಯಾಗಿತ್ತು. ತಮ್ಮ ಕಾಲ ಮೇಲೆ ನಿಂತು ಬಾಳುವ ಭಾಗ್ಯ ಇಬ್ಬರಿಗೂ ಬರಲಿಲ್ಲ. ಶಸ್ತ್ರಚಿಕಿತ್ಸೆಯ ಕೌಶಲ ಒಂದು, ಮಗುವಿನ ಮುಂದಿನ ಬದುಕು ಇನ್ನೊಂದು ಎಂಬುದನ್ನು ಕಾರ್ಸನ್ ಅವರೇ ನಂತರ ಒಪ್ಪಿಕೊಂಡಿದ್ದಾರೆ.

ಅನುಭವದಿಂದ ಮುಂದೆ ಒಳ್ಳೆಯದೂ ಆಯಿತು. 1997ರಲ್ಲಿ ದಕ್ಷಿಣ ಆಫ್ರಿಕದಲ್ಲಿ, ಜಾಂಬಿಯಾದ ಅವಳಿ ಗಂಡುಮಕ್ಕಳನ್ನು ಇಪ್ಪತ್ತೆಂಟು ಗಂಟೆಗಳ ಶಸ್ತ್ರಚಿಕಿತ್ಸೆಯಲ್ಲಿ ಬೇರ್ಪಡಿಸಿದಾಗ ಇಬ್ಬರೂ ಮೆದುಳಿಗೆ ಧಕ್ಕೆಯಿಲ್ಲದೆ ಉಳಿದರು. 2003ರ ಜುಲೈಯಲ್ಲಿ ಸಿಂಗಪುರದಲ್ಲಿ ಇರಾನಿನ ವಯಸ್ಕ ಸಹೋದರಿಯರಿಬ್ಬರ ಶಸ್ತ್ರಚಿಕಿತ್ಸಾ ತಂಡದಲ್ಲೂ ಕಾರ್ಸನ್ ಇದ್ದರು, ಅವರಿಬ್ಬರೂ ಉಳಿಯಲಿಲ್ಲ. 2005ರಲ್ಲಿ ತಲೆ ಕೂಡಿಕೊಂಡಿದ್ದ ಪಟ್ನಾದ ಸಹೋದರಿಯರನ್ನು ಪರೀಕ್ಷಿಸಲು ಅವರು ದೆಹಲಿಗೂ ಬಂದಿದ್ದರು. ಹೆಣ್ಣುಮಕ್ಕಳ ಪ್ರಾಣಕ್ಕೆ ಅಪಾಯವಿದ್ದ ಆ ಶಸ್ತ್ರಚಿಕಿತ್ಸೆ ನಡೆಯಲಿಲ್ಲ.

ಕಾರ್ಸನ್‌ಗೆ 2008ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಪ್ರಶಸ್ತಿಯಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ದೊರೆಯಿತು. 2013ರಲ್ಲಿ ವೃತ್ತಿಯಿಂದ ನಿವೃತ್ತರಾದರು. ಆಮೇಲೆ ರಾಜಕೀಯಕ್ಕೆ ಇಳಿದು 2016ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆಗಾಗಿ ಸ್ಪರ್ಧಿಸಿ ಹಿಂದೆ ಸರಿದರು. 2017ರಿಂದ 2021ರವರೆಗೆ ಟ್ರಂಪ್ ಸರ್ಕಾರದಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಖಾತೆ ನೋಡಿಕೊಂಡರು. ಅವರ ರಾಜಕೀಯ ಮಾತುಗಳ ಬಗ್ಗೆ ಅವರ ದೇಶದಲ್ಲೇ ಸಾಕಷ್ಟು ಭಿನ್ನಾಭಿಪ್ರಾಯವಿದೆ. ಚಿತ್ರ ತಯಾರಾದದ್ದು ಇವೆಲ್ಲಕ್ಕೂ ಮೊದಲು. ಐದನೆಯ ತರಗತಿಯ ಹುಡುಗನ ಓದನ್ನು ಮೆಚ್ಚಲು ಆತನ ಮುಂದಿನ ರಾಜಕೀಯವನ್ನೂ ಮೆಚ್ಚಬೇಕಾಗಿಲ್ಲ.

ಇದೇ ಸಾಲಿನ ಮೂರು ಚಿತ್ರಗಳು

ಸಮ್‌ಥಿಂಗ್ ದ ಲಾರ್ಡ್ ಮೇಡ್ (2004, ಇಂಗ್ಲಿಷ್): ಇದೂ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯದೇ ಕಥೆ. ಆರ್ಥಿಕ ಕುಸಿತದಲ್ಲಿ ಬ್ಯಾಂಕು ಮುಳುಗಿ, ಕಾಲೇಜಿಗೆಂದು ಕೂಡಿಟ್ಟ ಹಣ ಕಳೆದುಕೊಂಡ ಕಪ್ಪುವರ್ಣೀಯ ಯುವಕ ವಿವಿಯನ್ ಥಾಮಸ್, ಪ್ರಯೋಗಾಲಯದ ಸಹಾಯಕನಾಗಿದ್ದುಕೊಂಡೇ ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯ ದಾರಿ ತೆರೆದವರು. 1944ರ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಡಾ. ಬ್ಲೇಲಾಕ್ ಅವರ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟವರು. ಅವರಿಗೆ ವೈದ್ಯ ಪದವಿ ಎಂದೂ ಸಿಗಲಿಲ್ಲ. 1976ರಲ್ಲಿ ಗೌರವ ಡಾಕ್ಟರೇಟ್ ಬಂತು. ಕಾರ್ಸನ್ ಆ ಆಸ್ಪತ್ರೆಗೆ ಬಂದದ್ದು ಅದರ ಮರುವರ್ಷ.

ಆನಂದಿ ಗೋಪಾಳ್ (2019, ಮರಾಠಿ): ಸಮೀರ್ ವಿದ್ವಾಂಸ್ ನಿರ್ದೇಶನ. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಹದಿನಾಲ್ಕಕ್ಕೆ ಹೆತ್ತ ಕೂಸನ್ನು ಹತ್ತೇ ದಿನಕ್ಕೆ ಕಳೆದುಕೊಂಡ ಆನಂದಿಬಾಯಿ ಜೋಶಿ, 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯ ಪದವಿ ಪಡೆದರು. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ನೇಮಕವಾಗಿದ್ದರೂ ಕ್ಷಯದಿಂದ 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ನಮ್ಮ ಸದಸ್ಯರಿಗೆ ಭಾಷೆಯ ತೊಡಕೂ ಇಲ್ಲ.

ಡಾ. ಕೋಟ್ನೀಸ್ ಕೀ ಅಮರ್ ಕಹಾನಿ (1946, ಹಿಂದಿ): ನಿರ್ದೇಶನ ಮತ್ತು ಮುಖ್ಯ ಪಾತ್ರ ವಿ. ಶಾಂತಾರಾಮ್. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಭಾರತದ ವೈದ್ಯ ತಂಡದೊಂದಿಗೆ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ಪ್ರಾಣ ಬಿಟ್ಟರು. ಇದು ಕಷ್ಟದ ಬಾಲ್ಯದ ಕಥೆಯಲ್ಲ, ಆದರೂ ನಮ್ಮ ಸೀಮೆಯ ಮಗನ ಕಥೆ.

ಚಿತ್ರ ತೋರಿಸುವವರಿಗೆ

ಹತ್ತು ವರ್ಷ ಮೇಲ್ಪಟ್ಟ ಮಕ್ಕಳಿಗೆ ಈ ಚಿತ್ರ ಸೂಕ್ತ. ಚಾಕುವಿನ ದೃಶ್ಯ ಮತ್ತು ಶಸ್ತ್ರಚಿಕಿತ್ಸೆಯ ದೃಶ್ಯಗಳಿವೆ ಎಂದು ಮೊದಲೇ ತಿಳಿಸಿರಿ. ಭಾಷೆ ಇಂಗ್ಲಿಷ್ ಆದ್ದರಿಂದ ಆರಂಭದಲ್ಲಿ ಐದು ನಿಮಿಷ ಕನ್ನಡದಲ್ಲಿ ಕಥೆ ಹೇಳಿ, ನಡುವೆ ಎರಡು-ಮೂರು ಕಡೆ ನಿಲ್ಲಿಸಿ ವಿವರಿಸಿದರೆ ಅಜ್ಜಿಯರಿಗೂ ಅರ್ಥವಾಗುತ್ತದೆ. ತಾಯಂದಿರನ್ನು ತಪ್ಪದೆ ಕರೆಯಿರಿ. ಹಿಂದಿನ ಸಾಲಿನಲ್ಲಲ್ಲ, ಮುಂದಿನ ಸಾಲಿನಲ್ಲಿ ಕೂರಿಸಿರಿ.

ಚಿತ್ರ ಮುಗಿದ ಮೇಲೆ ಭಾಷಣ ಬೇಡ. ಮಕ್ಕಳಿಗೆ ಮೂರು ಪ್ರಶ್ನೆ ಸಾಕು: ಆ ಕಪ್ಪು ಕಲ್ಲಿನ ಹೆಸರು ಬೆನ್‌ಗೆ ಹೇಗೆ ತಿಳಿದಿತ್ತು? ತಾಯಿಗೆ ಓದು ಬಾರದೆಂದು ಮೊದಲೇ ಗೊತ್ತಿದ್ದರೆ ಅವನು ಬರೆದು ಕೊಡುತ್ತಿದ್ದನೇ? ನಿಮ್ಮ ತರಗತಿಯಲ್ಲಿ ಹಲಗೆ ಸರಿಯಾಗಿ ಕಾಣದ ಗೆಳೆಯರು ಯಾರಾದರೂ ಇದ್ದಾರೆಯೇ? ಮೂರನೆಯ ಪ್ರಶ್ನೆಗೆ ಬಂದ ಹೆಸರುಗಳನ್ನು ಬರೆದುಕೊಂಡು ಮಾರನೆಯ ದಿನವೇ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ.

ಕಾಸರಗೋಡಿನಿಂದ ಆದವಾನಿಯವರೆಗೆ, ತಾಳವಾಡಿಯಿಂದ ಜತ್ತದವರೆಗೆ ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಕೆಲಸ ಆರಂಭವಾಗಲಿ ಎಂಬುದು ನಮ್ಮ ಕೋರಿಕೆ. ಅಮೆರಿಕದಂತೆ ವಾರಕ್ಕೆ ಎರಡು ಪುಸ್ತಕ ಆಗದಿದ್ದರೆ ಒಂದು. ಕನ್ನಡದ್ದಾದರೆ ಸಂತೋಷ, ಶಾಲೆಯ ಭಾಷೆಯದಾದರೂ ಅಡ್ಡಿಯಿಲ್ಲ. ಓದಿದ್ದರ ಬಗ್ಗೆ ಮಗು ಒಂದು ಪುಟ ಕನ್ನಡದಲ್ಲಿ ಬರೆಯಲಿ. ಅದನ್ನು ತಾಯಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಲಿ. ಅವರು ಕೇಳಿ, ಹಾಳೆಯ ಕೆಳಗೆ ಒಂದು ಗುರುತು ಹಾಕಲಿ. ಸಹಿ ಬಾರದವರು ಟಿಕ್ ಹಾಕಿದರೂ ಸಾಕು.


ಕಾರ್ಯದರ್ಶಿ